ಪದಚರ್ಚೆ: ಲಿವರ್ ಸ್ಕ್ಯಾನಿನ ‘ಲೀಷನ್’ಗೆ ಏನನ್ನೋಣ? ಜೊತೆಗೆ ಇನ್ನೂ ಮೂರು ಪದ

ಗೆಳೆಯರೇ,

ಲಿವರ್‌ನ ಸಿ.ಟಿ. ಸ್ಕ್ಯಾನ್‌ಗೆ ಬರುವವರ ಕೈಗೆ ಕೊಡುವ ನಾಲ್ಕು ಪುಟದ ಮಾಹಿತಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚಿತ್ರ ಚೆನ್ನಾಗಿ ಬರಲು ಏನೇನು ಮಾಡುತ್ತಾರೆ, ಉಸಿರು ಯಾಕೆ ಹಿಡಿಯಬೇಕು, ಡೈ (ರಕ್ತನಾಳಕ್ಕೆ ಕೊಡುವ ಮದ್ದು) ಯಾಕೆ ಕೊಡುತ್ತಾರೆ, ಇಷ್ಟೇ ವಿಷಯ. ಬಹುಪಾಲು ಸಲೀಸಾಗಿ ಆಯ್ತು. ನಾಲ್ಕು ಪದಗಳ ಹತ್ತಿರ ಗಾಡಿ ನಿಂತಿದೆ.

ಮೊದಲನೆಯದು ‘ಲೀಷನ್’, ಅಂದರೆ ಸ್ಕ್ಯಾನಿನಲ್ಲಿ ಸುತ್ತಲಿಗಿಂತ ಬೇರೆಯಾಗಿ ಕಾಣುವ ಜಾಗ. ಲ್ಯಾಟಿನ್ ಮೂಲದಲ್ಲಿ ಪೆಟ್ಟು, ಗಾಯ ಅನ್ನುವ ಅರ್ಥ. ಹಾಗಾಗಿ ಮೊದಲು ‘ಗಾಯ’ ಅಂತಲೇ ಬರೆದೆ. ದೊಡ್ಡಪ್ಪನಿಗೆ ಓದಲು ಕೊಟ್ಟರೆ, “ಬೀಳದೆ ಏಳದೆ ಹೊಟ್ಟೆಯೊಳಗೆ ಗಾಯ ಹೆಂಗಪ್ಪಾ ಆಗುತ್ತೆ?” ಅಂದರು. ‘ಗಡ್ಡೆ’ ಅನ್ನಲು ನನಗೇ ಧೈರ್ಯವಿಲ್ಲ. ಎರಡು ವರ್ಷದ ಹಿಂದೆ ಇದೇ ದೊಡ್ಡಪ್ಪನ ರಿಪೋರ್ಟನ್ನು ಮನೆಯಲ್ಲಿ ಓದಿ ಹೇಳುವಾಗ ಸುಮ್ನೆ ‘ಗಡ್ಡೆ’ ಅಂದುಬಿಟ್ಟಿದ್ದೆ. ದೊಡ್ಡಮ್ಮ ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಮಾರನೇ ದಿನ ಡಾಕ್ಟರು ನೋಡಿ, ಇದು ಬರೀ ನೀರುಗುಳ್ಳೆ, ಏನೂ ಮಾಡಬೇಕಿಲ್ಲ ಅಂದರು. ಆ ರಾತ್ರಿ ಮಾತ್ರ ಯಾರೂ ಊಟ ಮಾಡಲಿಲ್ಲ.

ಅಸಲಿಗೆ ಸ್ಕ್ಯಾನ್ ತೋರಿಸುವುದು ಎಕ್ಸ್‌ರೇಯನ್ನು ಯಾವ ಜಾಗ ಎಷ್ಟು ತಡೆಯಿತು ಅನ್ನುವುದನ್ನು. ಅದಕ್ಕೊಂದು ಅಳತೆ ಇದೆ, ಸಿ.ಟಿ. ಕಂಡುಹಿಡಿದು 1979ರಲ್ಲಿ ನೊಬೆಲ್ ಹಂಚಿಕೊಂಡ ಹೌನ್ಸ್‌ಫೀಲ್ಡ್ ಹೆಸರಿನದು. ನೀರು 0, ಗಾಳಿ ಮೈನಸ್ 1000, ಡೈ ಕೊಡದ ಆರೋಗ್ಯವಂತ ಲಿವರ್ ಸುಮಾರು 55-60. ಸುತ್ತಲಿನ ಲಿವರಿಗಿಂತ ಬೇರೆ ಅಂಕಿ ತೋರಿಸುವ ತುಣುಕು ‘ಲೀಷನ್’. ಅದು ಗಡ್ಡೆಯೋ, ಗುಳ್ಳೆಯೋ, ಕೀವೋ ಅನ್ನುವುದು ಆಮೇಲಿನ ಮಾತು. ಹಾಗಾಗಿ ರೋಗದ ಹೆಸರು ಹೇಳದ ಪದ ಬೇಕು. ‘ಕಲೆ’ ನನಗೆ ಇಷ್ಟ. ‘ಮಚ್ಚೆ’ ಅಂದರೆ ಚರ್ಮ ನೆನಪಾಗುತ್ತೆ. ‘ದೋಷ’ ಬೇಡವೇ ಬೇಡ, ಓದಿದವರು ನೇರ ಕುಕ್ಕೆಗೆ ಬಸ್ಸು ಹತ್ತುತ್ತಾರೆ.

ಎರಡನೆಯದು ‘ನಾಯ್ಸ್’. ‘ಗದ್ದಲ’ ಅಂತ ಹಾಕಿದರೆ ಮೆಷಿನ್ನಿನ ಸದ್ದು ಅಂದುಕೊಳ್ಳುತ್ತಾರೆ, ಅಲ್ವಾ? ಇಲ್ಲಿ ಅದು ಚಿತ್ರದ ತುಂಬ ಕಾಣುವ ಕಾಳುಕಾಳು. ಅಮ್ಮನಿಗೆ ಒಂದು ಚಿತ್ರ ತೋರಿಸಿದೆ. “ಯಾರೋ ರವೆ ಚೆಲ್ಲಿದ ಹಾಗಿದೆ” ಅಂದರು. ಅಲ್ಲಿಂದ ‘ತರಿ’ ಸಿಕ್ಕಿತು. ಎಕ್ಸ್‌ರೇ ಕಡಿಮೆ ಮಾಡಿದರೆ ತರಿ ಜಾಸ್ತಿ. ತರಿ ಅರ್ಧಕ್ಕೆ ಇಳಿಯಬೇಕಾದರೆ ಎಕ್ಸ್‌ರೇ ನಾಲ್ಕು ಪಟ್ಟು ಬೇಕು. ಅದಕ್ಕೇ ಕಂಪ್ಯೂಟರಿನಲ್ಲಿ ನಯ ಮಾಡುತ್ತಾರೆ. ನಯ ಅತಿಯಾದರೆ ಮೇಣ ಸವರಿದ ಹಾಗೆ ಕಾಣುತ್ತದೆ, ತರಿಯ ಜೊತೆ ಸಣ್ಣ ಮಸುಕು ಕಲೆಯೂ ಅಳಿಸಿಹೋಗಬಹುದು. ‘ತರಿ ಇಳಿಸು’, ‘ತರಿ ಏರಿತು’ ಎಲ್ಲ ಬಾಯಿಗೆ ಸರಾಗವಾಗಿ ಬರುತ್ತವೆ.

‘ಕಾಂಟ್ರಾಸ್ಟ್’ ಒಂದೇ ಪದ, ಎರಡು ಅರ್ಥ. ರಕ್ತನಾಳಕ್ಕೆ ಕೊಡುವ ಅಯೋಡಿನ್ ಮದ್ದೂ ಕಾಂಟ್ರಾಸ್ಟ್, ಕಲೆಗೂ ಲಿವರಿಗೂ ಇರುವ ಬೂದುಬಣ್ಣದ ಅಂತರವೂ ಕಾಂಟ್ರಾಸ್ಟ್. ಎಕ್ಸ್‌ರೇ ಟ್ಯೂಬಿಗೆ 120 ಕಿಲೋವೋಲ್ಟ್ ಬದಲು 100 ಇಟ್ಟರೆ ಅಯೋಡಿನ್ ಇನ್ನೂ ಬೆಳ್ಳಗೆ ಕಾಣುತ್ತದೆ, ಅಂದರೆ ಕಾಂಟ್ರಾಸ್ಟಿನಿಂದ ಬರುವ ಕಾಂಟ್ರಾಸ್ಟ್ ಜಾಸ್ತಿ! ಮದ್ದಿಗೆ ಜನ ಹೇಳುವ ‘ಡೈ’ ಇರಲಿ. ‘ಬಣ್ಣದ ಮದ್ದು’ ಬೇಡ, ಅದು ನೀರಿನ ಹಾಗೆ ತಿಳಿಯಾಗಿರುತ್ತದೆ. ಇನ್ನೊಂದಕ್ಕೆ ‘ಎದ್ದುಕಾಣಿಕೆ’ ಅಂತ ಹೊಸೆದಿದ್ದೇನೆ. ಸಾರಿಸಿದ ನೆಲದ ಮೇಲೆ ಎದ್ದು ಕಾಣುವ ರಂಗೋಲಿ ಬೂದುಸಿಮೆಂಟಿನ ಮೇಲೆ ಕಾಣಲ್ಲ, ಅದೇ ಲೆಕ್ಕ. ಆದರೂ ಪದ ಸ್ವಲ್ಪ ತೊಡಕು.

ನಿಜವಾದ ಫಜೀತಿ ‘ಫೇಸ್’ (phase) ಪದದ್ದು. ಲಿವರಿಗೆ ಎರಡು ದಾರಿಯಲ್ಲಿ ರಕ್ತ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದ್ದು, ಕಾಲು ಪಾಲು ಅಪಧಮನಿಯದು. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಅಪಧಮನಿಯ ರಕ್ತ ಕುಡಿಯುತ್ತದೆ. ಹಾಗಾಗಿ ಡೈ ಕೊಟ್ಟ ಸುಮಾರು 35 ಸೆಕೆಂಡಿಗೆ ಅದು ಮೊದಲು ಬೆಳ್ಳಗಾಗುತ್ತದೆ. 70 ಸೆಕೆಂಡಿನ ಹೊತ್ತಿಗೆ ಲಿವರ್ ಪೂರ್ತಿ ಬೆಳಗುತ್ತದೆ. ಆಗ ಕರುಳಿನಿಂದ ಹರಡಿ ಬಂದ ಗಡ್ಡೆಗಳು ಸಾಮಾನ್ಯವಾಗಿ ಕಪ್ಪಗೆ ಉಳಿಯುತ್ತವೆ. ಕೆಲವು ನಿಮಿಷ ಬಿಟ್ಟು ಇನ್ನೊಂದು ಸಲ ತೆಗೆಯುತ್ತಾರೆ. ಈ ಒಂದೊಂದು ಸಲವೂ ಒಂದು ‘ಫೇಸ್’. ಹೊತ್ತು ತಪ್ಪಿದರೆ ಎಷ್ಟು ಒಳ್ಳೆ ಮೆಷಿನ್ ಇದ್ದರೂ ಕಲೆ ಅಡಗಿಕೊಳ್ಳಬಹುದು.

ಇದನ್ನು ನಾನು ‘ಹಂತ’ ಅಂತ ಬರೆದಿದ್ದೆ. “ಮೂರನೇ ಹಂತದಲ್ಲಿ ಕಲೆ ಕಾಣಿಸಬಹುದು” ಅನ್ನುವ ಸಾಲನ್ನು ಮತ್ತೆ ಓದಿದಾಗ ಬೆವರಿಳಿಯಿತು. ಕ್ಯಾನ್ಸರಿನ ‘ಸ್ಟೇಜ್’ಗೂ ನಾವು ಹಂತ ಅಂತಲೇ ಅನ್ನುತ್ತೇವಲ್ಲ! ಸ್ಕ್ಯಾನ್ ರೂಮಿನ ಹುಡುಗರು “ಮೂರು ಸಲ ತೆಗಿತೀವಿ” ಅನ್ನುತ್ತಾರೆ, ಅಷ್ಟೇ. ಅದನ್ನೇ ಹಿಡಿದು ಸದ್ಯಕ್ಕೆ ‘ಸುತ್ತು’ ಅಂತ ತಿದ್ದಿದ್ದೇನೆ: ಮೊದಲ ಸುತ್ತು, ಎರಡನೇ ಸುತ್ತು. ಆದರೆ ಮೆಷಿನ್ನೂ ಸುತ್ತುತ್ತದೆ, ಅದು ಗೊಂದಲವಾಗುತ್ತಾ? ‘ಸರದಿ’ ಅಂದರೆ ಕ್ಯೂ ನೆನಪಾಗುತ್ತೆ.

ಕಲೆ, ತರಿ, ಎದ್ದುಕಾಣಿಕೆ, ಸುತ್ತು. ಇವುಗಳಲ್ಲಿ ಯಾವುದು ನಿಮ್ಮ ಕಡೆ ಬೇರೆ ಅರ್ಥ ಕೊಡುತ್ತದೆ ತಿಳಿಸಿ. ಇನ್ನೊಂದು ಮಾತು: ಪಾಠದ ‘ಪಿತ್ತಜನಕಾಂಗ’ ಬಿಟ್ಟು ‘ಲಿವರ್’ ಅಂತಲೇ ಇಟ್ಟಿದ್ದೇನೆ. ನಮ್ಮ ಕಡೆ ಮಾಂಸದಂಗಡಿಯಲ್ಲಿ ‘ಈಲಿ’ ಅನ್ನುವುದುಂಟು. ಮನುಷ್ಯರದ್ದಕ್ಕೂ ಈಲಿ ಅನ್ನುವ ಊರು ಯಾವುದಾದರೂ ಇದೆಯಾ?