ಸಣ್ಣ ಫಿಕ್ಸೆಡ್ ಬ್ಲೇಡ್ ಚಾಕು: ಗಾರ್ಡ್ ಎರಡು ಕಡೆಯೋ, ಒಂದೇ ಕಡೆಯೋ, ಬೇಡವೇ ಬೇಡವೋ?

ಮರಚೂರು:
10 ಸೆಂ.ಮೀ. ಅಲಗು, 4 ಮಿ.ಮೀ. ದಪ್ಪದ ಕಾರ್ಬನ್ ಸ್ಟೀಲ್, ಟ್ಯಾಂಗ್ (ಅಲಗಿನ ಹಿಂದಿನ ಬಾಲ) ಹಿಡಿಯೊಳಗೆ ಮುಚ್ಚಿಹೋಗುವಂಥದ್ದು. ಹದ ಮಾಡಿ ಆಗಿದೆ. ಮರ ಕೆತ್ತೋಕೆ, ಹಗ್ಗ ಕುಯ್ಯೋಕೆ, ಕ್ಯಾಂಪಿನ ಅಡುಗೆಗೆ ಬೇಕು. ಹಿತ್ತಾಳೆ ಗಾರ್ಡ್ (ಹಿಡಿ, ಅಲಗಿನ ನಡುವಿನ ಅಡ್ಡ ತಡೆ) ಹಾಕೋ ಯೋಚನೆ ಇದೆ. ಯಾವ ಆಕಾರ? ಕೂರಿಸೋದು ಬೆಸುಗೆಯಲ್ಲೋ ಎಪಾಕ್ಸಿ ಅಂಟಿನಲ್ಲೋ?

ಒರೆಗಲ್ಲು:
ಎರಡು ಕಡೆಯದ್ದು ಖಂಡಿತ ಬೇಡ. ತಿವಿಯುವಾಗ ಕೈ ಮುಂದಕ್ಕೆ ಜಾರಿ ಅಲಗಿನ ಮೇಲೆ ಬರಬಾರದು ಅನ್ನೋದಷ್ಟೇ ಗಾರ್ಡ್‌ನ ಕೆಲಸ. ಕೆತ್ತುವಾಗ ಹೆಬ್ಬೆರಳು ಅಲಗಿನ ಬೆನ್ನಿನ ಮೇಲೆ ಕೂರುತ್ತೆ, ಮೇಲೆ ಚಾಚಿದ ಗಾರ್ಡ್ ಅಲ್ಲೇ ಅಡ್ಡ ಬರುತ್ತೆ. ಒರೆಯಲ್ಲೂ ತಕರಾರು: ಚಾಕು ಆಳಕ್ಕೆ ಇಳಿಯಲ್ಲ, ಬೀಳದಿರಲು ಪಟ್ಟಿ, ಗುಂಡಿ ಎಲ್ಲ ಬೇಕಾಗುತ್ತೆ.

ಕೆಳಗಿನ ಚಾಚಿಗೂ ಮಿತಿ ಇರಲಿ. ಅಲಗಿನ ಬಾಯಿಗಿಂತ 8 ಮಿ.ಮೀ. ಕೆಳಗಿಳಿದರೆ ತರಕಾರಿ ಹೆಚ್ಚುವಾಗ ಗಾರ್ಡೇ ಮೊದಲು ಹಲಗೆಗೆ ತಾಗಿ, ಬುಡದ ಹರಿತ ದಂಡ. 3-4 ಮಿ.ಮೀ. ಸಾಕು. ಬೆರಳು ತಾಗುವ ಮೂಲೆಯನ್ನ ಉರುಟು ಮಾಡಿ, ಇಲ್ಲದಿದ್ರೆ ತೋರುಬೆರಳಿಗೆ ಬೊಬ್ಬೆ.

ಬರೀ ಮರಗೆಲಸವಾದ್ರೆ ಗಾರ್ಡೇ ಬೇಕಿಲ್ಲ. ಫಿನ್ಲೆಂಡಿನ ಪೂಕ್ಕೊ ಚಾಕುಗಳಲ್ಲಿ ಸಾಮಾನ್ಯವಾಗಿ ಇರೋದೇ ಇಲ್ಲ. ಆದ್ರೆ ಒದ್ದೆ ಕೈ, ಮೀನು, ಜಿಡ್ಡು ಅಂದ್ರೆ ಕೆಳಗೊಂದು ತಡೆ ಇರಲೇಬೇಕು.

ಅರದಪುಡಿ:
ಆಕಾರಕ್ಕಿಂತ ಕೂರಿಸೋದ್ರಲ್ಲೇ ಹೆಚ್ಚು ಜನ ಎಡವೋದು. ಎರಡೂ ಶೋಲ್ಡರ್ (ಅಲಗು ಮುಗಿದು ಟ್ಯಾಂಗ್ ಶುರುವಾಗುವ ಮೆಟ್ಟಿಲು) ಒಂದೇ ಗೆರೆಯಲ್ಲಿರಬೇಕು, ಫೈಲ್ ಗೈಡ್ (ಅರ ಗೆರೆ ತಪ್ಪದಂತೆ ತಡೆಯುವ ಹಿಡಿಕೆ) ಕಚ್ಚಿಸಿಯೇ ಸರಿಮಾಡಿ. ಟ್ಯಾಂಗ್ ಸೇರುವ ಒಳಮೂಲೆ ಚೂಪಾಗಿದ್ರೆ ಬಿರುಕು ಶುರುವಾಗೋದೇ ಅಲ್ಲಿಂದ, ಅದು ಗುಂಡಗಿರಲಿ. ಆ ಗುಂಡು ಕೂರೋಕೆ ಗಾರ್ಡ್‌ನ ಮುಂಭಾಗದಲ್ಲಿ, ಟ್ಯಾಂಗ್ ತೂರುವ ಸೀಳಿನ ಎರಡು ತುದಿಯನ್ನೂ ಚೂರು ಸವೆಸಿ, ಶೋಲ್ಡರ್ ಅದನ್ನ ಮುಚ್ಚಿಬಿಡುತ್ತೆ.

ಸೀಳಿಗೆ 3.5 ಮಿ.ಮೀ. ಡ್ರಿಲ್‌ನಲ್ಲಿ ಸಾಲಾಗಿ ತೂತು ಹೊಡೆದು ಸಣ್ಣ ಅರದಲ್ಲಿ ಬಿಡಿಸಿ. ಮುಂದಿನ 2 ಮಿ.ಮೀ. ಬಿಗಿ, ಹಿಂದೆ ಸ್ವಲ್ಪ ಸಡಿಲ. ಟ್ಯಾಂಗ್‌ಗೆ ಮಾರ್ಕರ್ ಮಸಿ ಬಳಿದು ತೂರಿಸಿ, ಮಸಿ ಉಜ್ಜಿಹೋದ ಜಾಗ ನೋಡಿ ಸೀಳನ್ನ ಅಲ್ಲಷ್ಟೇ ಅರೆಯಿರಿ. ಕೊನೆಗೆ ಟ್ಯಾಂಗ್ ಮೇಲೆ ಪೈಪ್ ತುಂಡು ಇಟ್ಟು ತಟ್ಟಿ ಕೂರಿಸಿ.

ಬೆಸುಗೆ ಬೇಡ ಅಂತೀನಿ. 96% ತವರ, 4% ಬೆಳ್ಳಿಯ ಬೆಸುಗೆ ಕರಗೋದು ಸುಮಾರು 221 ಡಿಗ್ರಿ ಸೆಲ್ಸಿಯಸ್‌ಗೆ. ನಿಮ್ಮ ಅಲಗಿನ ಟೆಂಪರ್ (ಗಡಸು ಮಾಡಿದ ಮೇಲೆ ಮತ್ತೆ ಕಾಯಿಸಿದ ಶಾಖ) 200ರ ಆಸುಪಾಸಿದ್ರೆ, ಶಾಖ ಮುಂದಕ್ಕೆ ಹರಿದಷ್ಟೂ ಬುಡದ ಹದ ಇಳಿಯುತ್ತೆ. ಉಳಿದ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ರಾಸಾಯನಿಕ) ಅಡುಗೆ ಸೋಡಾ ನೀರಲ್ಲಿ ತೊಳೀದಿದ್ರೆ ತುಕ್ಕು ಬೇರೆ.

ಒರೆಗಲ್ಲು:
ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಟಾರ್ಚ್ ಗಾರ್ಡ್‌ಗಷ್ಟೇ ಹಿಂದಿನಿಂದ ತೋರಿಸಿದ್ರೆ ಬೆಸುಗೆಯೂ ಆಗುತ್ತೆ, ಅರದಪುಡಿ. ನೀರು ತಡೆಯೋದ್ರಲ್ಲಿ ಅದೇ ಮೇಲು.

ಅರದಪುಡಿ:
ಕೈ ಪಳಗಿದವರಿಗೆ ಸರಿ. ಮೊದಲ ಸಲಕ್ಕೆ ಎಪಾಕ್ಸಿಯೇ ಇರಲಿ: ಎರಡೂ ಮೈ 120ರ ಮರಳುಕಾಗದದಲ್ಲಿ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, 24 ಗಂಟೆ ಕ್ಲಾಂಪ್. ಸಂದು ಉಳಿಸಬೇಡಿ. ಹಿತ್ತಾಳೆ, ಉಕ್ಕಿನ ನಡುವೆ ನೀರು ನಿಂತ್ರೆ ತುಕ್ಕು ಹಿಡಿಯೋದು ಉಕ್ಕಿಗೇ, ಅದೂ ಕಣ್ಣಿಗೆ ಕಾಣದ ಟ್ಯಾಂಗ್‌ನಲ್ಲಿ.

ಮರಚೂರು:
ಹಾಗಾದ್ರೆ ಒಂದೇ ಕಡೆ, ಎಪಾಕ್ಸಿ. 6 ಮಿ.ಮೀ. ಹಿತ್ತಾಳೆ ಪಟ್ಟಿ ಸಾಕಾ?

ಅರದಪುಡಿ:
ಧಾರಾಳ. ಹೊರ ಆಕಾರ ಕೊಡೋದು ಸೀಳು ಕೂತ ಮೇಲೇ. ಸೀಳು ವಾರೆಯಾದ್ರೂ ಅರೆದು ಸರಿದೂಗಿಸೋಕೆ ಸುತ್ತ ಲೋಹ ಉಳಿದಿರುತ್ತೆ.