ವಿಮಾನ ಚಾಲಕ ವೃತ್ತಿ ಬಿಟ್ಟು ಪೊಲೀಸ್ ಸೇವೆಗೆ ಸೇರುವ ಯೋಚನೆ: ಬಲ್ಲವರ ಅಭಿಪ್ರಾಯ ಬೇಕಾಗಿದೆ

ಪ್ರಶ್ನೆ: ಬಲಗಡೆಯ ಆಸನ

ಮಾನ್ಯರೇ, ನಾನು ಪ್ರಯಾಣಿಕ ವಿಮಾನ ಸಂಸ್ಥೆಯೊಂದರಲ್ಲಿ ಸಹಚಾಲಕನಾಗಿದ್ದೇನೆ. ವಯಸ್ಸು ಮೂವತ್ತು ದಾಟಿದೆ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಎಂಬ ಉನ್ನತ ಚಾಲಕ ಪರವಾನಗಿಗೆ ಅಗತ್ಯವಾದ 1500 ಗಂಟೆಗಳ ಹಾರಾಟ ಎಂದೋ ಮುಗಿದಿದ್ದು, ಕ್ಯಾಪ್ಟನ್ ಬಡ್ತಿಯ ಸರದಿಯೂ ಹತ್ತಿರ ಬರುತ್ತಿದೆ. ಇಂಥ ಹೊತ್ತಿನಲ್ಲಿ ಈ ಕೆಲಸ ಬಿಟ್ಟು ಪೊಲೀಸ್ ಸೇವೆಗೆ, ಅದರಲ್ಲೂ ಅಪರಾಧ ತನಿಖೆಯ ಕಡೆಗೆ ಹೋಗಬೇಕೆಂಬ ಆಸೆ ಬಲವಾಗುತ್ತಿದೆ. ಹಾರಾಟದ ಮೇಲೆ ನನಗೆ ಬೇಸರವಿಲ್ಲ. ಆದರೆ ಮುಂದಿನ ಮೂವತ್ತು ವರ್ಷ ಇದನ್ನೇ ಮಾಡುತ್ತಿರುವ ಚಿತ್ರವನ್ನು ಕಲ್ಪಿಸಿಕೊಂಡಾಗ ಮನಸ್ಸು ಒಪ್ಪುವುದಿಲ್ಲ. ಕಷ್ಟದಲ್ಲಿರುವವರ ಬಳಿಗೆ ನೇರವಾಗಿ ಹೋಗುವ ಕೆಲಸವೊಂದು ಬೇಕೆನ್ನಿಸುತ್ತದೆ.

ನನ್ನ ಪ್ರಶ್ನೆಗಳು ಮೂರು. ಚಾಲಕನಾಗಿ ಗಳಿಸಿದ ಅನುಭವಕ್ಕೆ ಪೊಲೀಸ್ ಕೆಲಸದಲ್ಲಿ ನಿಜವಾಗಿ ಎಷ್ಟು ಬೆಲೆಯಿದೆ? ಹೋದ ಮೇಲೆ ಅದು ಹೊಂದಲಿಲ್ಲವಾದರೆ ಮರಳಿ ಬರಲು ದಾರಿ ಇರುತ್ತದೆಯೇ? ಪೊಲೀಸರ ವಿಮಾನ ವಿಭಾಗವನ್ನು ಸೇರಿ ಎರಡನ್ನೂ ಉಳಿಸಿಕೊಳ್ಳುವುದು ಸಾಧ್ಯವೇ?

ಉತ್ತರ 1: ಹಳೆಯ ಕ್ಯಾಪ್ಟನ್

ನಾನು ಈ ದಾರಿಯಲ್ಲಿ ನಡೆದವನು. ಕೆಲವು ವರ್ಷ ಕ್ಯಾಪ್ಟನ್ ಆಗಿದ್ದು, ನಂತರ ಪೊಲೀಸ್ ಸೇವೆಗೆ ಬಂದೆ. ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದೆರಡರ ತೂಕ ಅದರ ಮೇಲೆ ನಿಂತಿದೆ.

ಮರಳುವ ದಾರಿ ಇದೆ, ಆದರೆ ನೀವು ಎದ್ದುಬಂದ ಜಾಗಕ್ಕೆ ಅದು ಕರೆದೊಯ್ಯುವುದಿಲ್ಲ. ಬಹುಪಾಲು ದೊಡ್ಡ ಸಂಸ್ಥೆಗಳಲ್ಲಿ ಯಾವ ವಿಮಾನ, ಯಾವ ನೆಲೆ, ಯಾವ ರಜೆ, ಯಾವಾಗ ಕ್ಯಾಪ್ಟನ್ ಎಂಬುದನ್ನೆಲ್ಲ ಸೀನಿಯಾರಿಟಿ ಸಂಖ್ಯೆಯೇ, ಅಂದರೆ ಸೇವಾ ಹಿರಿತನದ ಪಟ್ಟಿಯಲ್ಲಿನ ಸ್ಥಾನವೇ ನಿರ್ಧರಿಸುತ್ತದೆಂಬುದು ನಿಮಗೆ ಗೊತ್ತೇ ಇದೆ. ರಾಜೀನಾಮೆ ಕೊಟ್ಟ ದಿನವೇ ಆ ಸಂಖ್ಯೆ ಹೋಗುತ್ತದೆ. ಐದು ವರ್ಷ ಕಳೆದು ಅದೇ ಸಂಸ್ಥೆಗೆ ಬಂದರೂ ಪಟ್ಟಿಯ ಕೊನೆಯಲ್ಲಿ ನಿಲ್ಲಬೇಕು. ಉದ್ಯಮಕ್ಕೆ ಕೆಟ್ಟ ಕಾಲ ಬಂದಾಗ ಮೊದಲು ಮನೆಗೆ ಕಳುಹಿಸುವುದು ಆ ಕೊನೆಯಲ್ಲಿರುವವರನ್ನೇ. ತೊಂಬತ್ತು ದಿನಗಳಲ್ಲಿ ಮೂರು ಟೇಕಾಫ್ ಮತ್ತು ಮೂರು ಲ್ಯಾಂಡಿಂಗ್ ಎಂಬ ನಿಯಮ ತಪ್ಪಿದರೆ ಸಿಮ್ಯುಲೇಟರ್‌ನಲ್ಲಿ ಸರಿಪಡಿಸಿಕೊಳ್ಳಬಹುದು. ವರ್ಷಗಟ್ಟಲೆ ಹಾರದೆ ಇದ್ದರೆ ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ನವೀಕರಣ, ಇನ್‌ಸ್ಟ್ರುಮೆಂಟ್ ಪರೀಕ್ಷೆ (ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಪರೀಕ್ಷೆ) ಎಲ್ಲವನ್ನೂ ಹೊಸದಾಗಿ ಎದುರಿಸಬೇಕು, ಅದರ ಖರ್ಚು ನಿಮ್ಮದೇ ಆಗಬಹುದು. ಆದ್ದರಿಂದ ಏನೇ ಆದರೂ ವೃತ್ತಿಪರ ಚಾಲಕರಿಗೆ ಬೇಕಾದ ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರವನ್ನು ಸಾಧ್ಯವಾದಷ್ಟು ಕಾಲ ಚಾಲ್ತಿಯಲ್ಲಿಡಿ. ಒಮ್ಮೆ ಬಿಟ್ಟು, ನಡುವೆ ಗಾಯವೋ ಕಾಯಿಲೆಯೋ ಆದರೆ ಮರಳಿ ಪಡೆಯುವುದು ಕಷ್ಟ. ಪೊಲೀಸ್ ಕೆಲಸದಲ್ಲಿ ಮೊಣಕಾಲು, ಬೆನ್ನು, ಕಿವಿ ಮೂರಕ್ಕೂ ಪೆಟ್ಟು ಬೀಳುವ ಸಂಭವ ಇದ್ದೇ ಇದೆ.

ಇನ್ನೊಂದು ಕಡೆ, ಮುಂದಿನ ಬಾಗಿಲೂ ಬಹಳ ಕಾಲ ತೆರೆದಿರುವುದಿಲ್ಲ. ಪ್ರಯಾಣಿಕ ವಿಮಾನಗಳಲ್ಲಿ 65ರ ವರೆಗೆ ಹಾರಬಹುದು. ಪೊಲೀಸ್ ನೇಮಕಾತಿಯ ಲೆಕ್ಕ ಬೇರೆ. ಅಮೆರಿಕದ ಎಫ್‌ಬಿಐ ವಿಶೇಷ ಏಜೆಂಟರನ್ನು ಸಾಮಾನ್ಯವಾಗಿ 37 ತುಂಬುವ ಮೊದಲೇ ನೇಮಿಸಿಕೊಳ್ಳುತ್ತದೆ, 57ಕ್ಕೆ ನಿವೃತ್ತಿ ಕಡ್ಡಾಯ. ಭಾರತದಲ್ಲಿ ಐಪಿಎಸ್‌ಗೆ ದಾರಿಯಾದ ನಾಗರಿಕ ಸೇವಾ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ವಯೋಮಿತಿ 32. ನೀವು ಯಾವ ಸೇವೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೀರೋ ಅದರ ವಯೋಮಿತಿಯನ್ನು ಇವತ್ತೇ ನೋಡಿ. ಕ್ಯಾಪ್ಟನ್ ಬಡ್ತಿ ಪಡೆದು, ಎರಡು ವರ್ಷ ಅನುಭವ ಮಾಡಿಕೊಂಡು, ಆಮೇಲೆ ಹೊರಡುತ್ತೇನೆ ಎನ್ನುವವರ ಸಮಯ ಅಲ್ಲಿಯೇ ಮುಗಿದುಹೋಗುತ್ತದೆ.

ನೇಮಕಾತಿ ಆದೇಶ ಕೈಗೆ ಬರುವ ಮೊದಲು ರಾಜೀನಾಮೆ ಕೊಡಬೇಡಿ. ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆ, ಮಾನಸಿಕ ಮೌಲ್ಯಮಾಪನ, ಹಿನ್ನೆಲೆ ತನಿಖೆ ಎಲ್ಲವೂ ಮುಗಿಯಲು ಒಂದು ವರ್ಷವಾದರೂ ಆಶ್ಚರ್ಯವಿಲ್ಲ. ನೋಟಿಸ್ ಅವಧಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಭಾರತದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ 2017ರಲ್ಲಿ ಹೊರಡಿಸಿದ ನಿಯಮದಂತೆ ಅದು ಕ್ಯಾಪ್ಟನ್‌ಗಳಿಗೆ ಒಂದು ವರ್ಷ, ಸಹಚಾಲಕರಿಗೆ ಆರು ತಿಂಗಳು. ಎರಡೂ ಕಡೆಯ ದಿನಾಂಕಗಳು ಕೂಡಿಬರುವಂತೆ ನೋಡಿಕೊಳ್ಳುವುದು ಈ ಬದಲಾವಣೆಯ ಅತ್ಯಂತ ನೀರಸವಾದ ಭಾಗ, ಆದರೆ ಹೆಚ್ಚಿನವರು ಎಡವುವುದು ಅಲ್ಲಿಯೇ.

ಉತ್ತರ 2: ತರಬೇತಿ ಮೈದಾನ

ನಾನು ಪೊಲೀಸ್ ತರಬೇತಿಯಲ್ಲಿ ಬಹುಕಾಲ ಕೆಲಸ ಮಾಡಿದವಳು. ಅನುಭವದ ಬೆಲೆಯ ಬಗ್ಗೆ ನೀವು ಕೇಳಿರುವುದಕ್ಕೆ ಉತ್ತರಿಸುತ್ತೇನೆ.

ಚಾಲಕರಲ್ಲಿ ನಾನು ಹೆಚ್ಚು ಗೌರವಿಸುವ ಗುಣ ಒಂದಿದೆ. 1978ರ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸಮೀಪ ಯುನೈಟೆಡ್ ಏರ್‌ಲೈನ್ಸ್‌ನ 173 ಸಂಖ್ಯೆಯ ವಿಮಾನ ಇಂಧನ ಮುಗಿದು ಬಿದ್ದದ್ದು ನಿಮಗೆ ತಿಳಿದ ಪಾಠವೇ. ಕ್ಯಾಪ್ಟನ್ ಲ್ಯಾಂಡಿಂಗ್ ಗೇರ್‌ನ ಚಿಂತೆಯಲ್ಲಿ ಮುಳುಗಿದ್ದರು. ಇಂಧನ ಇಳಿಯುತ್ತಿರುವುದನ್ನು ಜೊತೆಗಿದ್ದವರು ಬಲ್ಲವರಾಗಿದ್ದರೂ ಅವರ ಮಾತಿಗೆ ಬೇಕಾದಷ್ಟು ಬಲ ಬರಲಿಲ್ಲ. ಹತ್ತು ಜನ ಸತ್ತರು. ಅಲ್ಲಿಂದ ಬೆಳೆದ ಸಿಆರ್‌ಎಂ, ಅಂದರೆ ವಿಮಾನ ಸಿಬ್ಬಂದಿ ಒಂದು ತಂಡವಾಗಿ ಕೆಲಸ ಮಾಡುವ ತರಬೇತಿ, ಕಿರಿಯನು ಬಾಯಿ ಬಿಡುವುದನ್ನೂ ಹಿರಿಯನು ಕಿವಿಗೊಡುವುದನ್ನೂ ಕರ್ತವ್ಯವನ್ನಾಗಿ ಮಾಡಿತು. ಪೊಲೀಸ್ ಇಲಾಖೆಗಳು ಶ್ರೇಣಿಯ ಮೇಲೆ ನಿಂತ ಸಂಸ್ಥೆಗಳು, ಮತ್ತು ಮೇಲಧಿಕಾರಿಯ ತಪ್ಪು ತೀರ್ಮಾನಕ್ಕೆ ಎದುರಾಡದೆ ಸುಮ್ಮನಿದ್ದ ಕಾರಣಕ್ಕೆ ಕೆಟ್ಟ ಪರಿಣಾಮಗಳಾದದ್ದನ್ನು ನಾವು ಕಂಡಿದ್ದೇವೆ. ಆ ಅಭ್ಯಾಸವನ್ನು ದಯವಿಟ್ಟು ಹೊತ್ತು ತನ್ನಿ, ಇಲ್ಲಿ ಬಂದ ಮೇಲೆ ಬಿಡಬೇಡಿ. ವೈರ್‌ಲೆಸ್‌ನಲ್ಲಿ ಚುಟುಕಾಗಿ, ಸ್ಪಷ್ಟವಾಗಿ ಮಾತಾಡಿ, ಕೇಳಿದ್ದನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳುವ ಪದ್ಧತಿಯೂ ನಿಮಗೆ ಮೊದಲ ದಿನದಿಂದಲೇ ನೆರವಾಗುತ್ತದೆ.

ಹೊಂದದಿರುವ ಸಂಗತಿಯನ್ನೂ ಹೇಳಬೇಕು. ವಿಮಾನದಲ್ಲಿ ಉಪಕರಣ ಸುಳ್ಳು ಹೇಳುವುದು ಅಪರೂಪ, ಹೇಳಿದರೂ ಹೋಲಿಸಿ ನೋಡಲು ಇನ್ನೊಂದು ಉಪಕರಣ ಇರುತ್ತದೆ. ರಾತ್ರಿ ಎರಡು ಗಂಟೆಗೆ ಜಗಳದ ಕರೆ ಬಂದು ನೀವು ಒಂದು ಮನೆಯ ಬಾಗಿಲು ತಟ್ಟುತ್ತೀರಿ. ತುಟಿ ಒಡೆದ ಹೆಂಗಸು ಏನೂ ಆಗಿಲ್ಲವೆನ್ನುತ್ತಾಳೆ. ಗಂಡ ಅತ್ಯಂತ ವಿನಯದಿಂದ ಒಳಗೆ ಕರೆಯುತ್ತಾನೆ. ಪಕ್ಕದ ಮನೆಯವರು ತಾವು ಕರೆ ಮಾಡಿಲ್ಲವೆಂದು ಸಾಧಿಸುತ್ತಾರೆ. ಅಲ್ಲಿ ತೆರೆದು ಓದಲು ಚೆಕ್‌ಲಿಸ್ಟ್ ಇಲ್ಲ, ಮುಂದಿನ ನಿಲ್ದಾಣಕ್ಕೆ ತಿರುಗಿಸಿಕೊಂಡು ಹೋಗುವ ಅವಕಾಶವೂ ಇಲ್ಲ. ಇಬ್ಬರನ್ನೂ ಬೇರೆಬೇರೆ ಕೋಣೆಯಲ್ಲಿ ಕೂರಿಸಿ, ಮಗು ಎಲ್ಲಿದೆಯೆಂದು ನೋಡಿ, ಕಾನೂನು ಕೊಟ್ಟ ವಿವೇಚನೆಯನ್ನು ನೀವೇ ಬಳಸಬೇಕು. ನಂತರ ಅದನ್ನು ಬರೆಯಬೇಕು. ಟೆಕ್ನಿಕಲ್ ಲಾಗ್‌ನಲ್ಲಿ ಎಡಗಡೆಯ ಲ್ಯಾಂಡಿಂಗ್ ಲೈಟ್ ಉರಿಯುತ್ತಿಲ್ಲ ಎಂದು ಒಂದು ಸಾಲು ಬರೆದರೆ ಎಂಜಿನಿಯರ್ ಬಂದು ನೋಡಿ ಸಹಿ ಹಾಕುತ್ತಾರೆ. ಪೊಲೀಸ್ ವರದಿಯ ಒಂದೊಂದು ಸಾಲನ್ನೂ ವರ್ಷಗಳ ನಂತರ ವಕೀಲರು ನ್ಯಾಯಾಲಯದಲ್ಲಿ ಹಿಡಿದೆಳೆಯುತ್ತಾರೆ: ಮೊದಲು ಯಾರು ಮಾತಾಡಿದರು, ದೀಪ ಉರಿಯುತ್ತಿತ್ತೇ, ನೀವು ಎಷ್ಟು ದೂರದಲ್ಲಿ ನಿಂತಿದ್ದಿರಿ. ತನಿಖೆ ಎಂದು ನೀವು ಬಯಸುತ್ತಿರುವ ಕೆಲಸದ ಬಹುಭಾಗ ಈ ಬರವಣಿಗೆಯೇ. ಅದಕ್ಕೂ ಮೊದಲು ಕೆಲವು ವರ್ಷ ಸಮವಸ್ತ್ರದಲ್ಲಿ ಗಸ್ತು ಮಾಡುವುದು ಅನೇಕ ಇಲಾಖೆಗಳಲ್ಲಿ ಇರುವ ಕ್ರಮ.

ಉತ್ತರ 3: ರೆಕ್ಕೆ ಮತ್ತು ಲಾಠಿ

ವಿಮಾನ ವಿಭಾಗದ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಪೊಲೀಸ್ ಹಾರಾಟದ ಹೆಚ್ಚಿನ ಪಾಲು ಹೆಲಿಕಾಪ್ಟರ್‌ಗಳದ್ದು, ವಿಮಾನಕ್ಕೆಂದು ಪಡೆದ ನಿಮ್ಮ ಪರವಾನಗಿ ಅಲ್ಲಿ ನೇರವಾಗಿ ನಡೆಯುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2012ರಲ್ಲಿ ರೂಪುಗೊಂಡ ರಾಷ್ಟ್ರೀಯ ಪೊಲೀಸ್ ವಾಯು ಸೇವೆಯಲ್ಲಿ ಚಾಲಕರು ನಾಗರಿಕ ಸಿಬ್ಬಂದಿ. ಜೊತೆಯಲ್ಲಿ ಕುಳಿತು ಕ್ಯಾಮೆರಾ ನಡೆಸುವವರು ಮತ್ತು ನೆಲದ ಮೇಲಿನವರಿಗೆ ದಾರಿ ತೋರಿಸುವವರು ಪೊಲೀಸ್ ಅಧಿಕಾರಿಗಳು. ಅಂದರೆ ಅಲ್ಲಿ ಚಾಲಕನಾಗಿ ಸೇರಿದರೆ ನೀವು ಬಯಸಿದ ತನಿಖೆಯ ಕೆಲಸ ಸಿಗುವುದಿಲ್ಲ. ಅಮೆರಿಕದ ಗಡಿ ರಕ್ಷಣಾ ಸಂಸ್ಥೆಯ ವಾಯು ಮತ್ತು ಸಾಗರ ವಿಭಾಗ ಇದಕ್ಕೆ ಭಿನ್ನ: ಅಲ್ಲಿ ಚಾಲಕನೇ ಬಂಧಿಸುವ ಅಧಿಕಾರವುಳ್ಳ ಅಧಿಕಾರಿ, ಚಾಲಕರನ್ನು ನೇರವಾಗಿ ಆ ಹುದ್ದೆಗೇ ತೆಗೆದುಕೊಳ್ಳುತ್ತಾರೆ. ಇಂಥ ಹುದ್ದೆಗಳು ಕಡಿಮೆ, ಪೌರತ್ವದ ನಿಬಂಧನೆಯೂ ಇದೆ.

ಬಲಗಡೆಯ ಆಸನ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹಾರಾಟವನ್ನು ಉಳಿಸಿಕೊಳ್ಳುವ ನನ್ನ ಆಸೆಯೇ ಅಸಲು ಪ್ರಶ್ನೆಯನ್ನು ಮರೆಮಾಡುತ್ತಿತ್ತೆಂದು ಈಗ ಅನ್ನಿಸುತ್ತಿದೆ. ನನಗೆ ಬೇಕಾಗಿರುವುದು ನೆಲದ ಮೇಲಿನ ಕೆಲಸ. ಆದರೆ ತುಟಿ ಒಡೆದ ಆ ಹೆಂಗಸಿನ ಎದುರು ನಾನು ಹೇಗೆ ನಡೆದುಕೊಳ್ಳುವೆನೆಂದು ನನಗೆ ಗೊತ್ತಿಲ್ಲ. ಕೆಲಸ ಬಿಡುವ ಮೊದಲೇ ಅದನ್ನು ತಿಳಿಯುವ ಉಪಾಯವಿದೆಯೇ?

ಉತ್ತರ 4: ಹಳೆಯ ಕ್ಯಾಪ್ಟನ್

ಇದೆ, ಮತ್ತು ನಿಮ್ಮ ಈ ಪ್ರಶ್ನೆ ಮೊದಲ ಮೂರಕ್ಕಿಂತಲೂ ಮುಖ್ಯವಾದದ್ದು. ಕಾಕ್‌ಪಿಟ್‌ನಲ್ಲಿ ನಮ್ಮ ಪ್ರಯಾಣಿಕರೆಲ್ಲರೂ ಬಾಗಿಲ ಆಚೆ ಇರುತ್ತಾರೆ. 2001ರ ದಾಳಿಯ ನಂತರ ಆ ಬಾಗಿಲನ್ನು ಗುಂಡು ತೂರದಷ್ಟು ಗಟ್ಟಿಯಾಗಿಸಿ ಬೀಗ ಹಾಕಿದ್ದಾರೆ. ಕೋಪಗೊಂಡವನೊಬ್ಬ ಕೈಯಳತೆಯಲ್ಲಿ ನಿಂತಾಗ ದನಿ ಏರಿಸದೆ ಇರಬಲ್ಲೆನೇ ಎಂಬುದನ್ನು ಆ ಕೆಲಸ ನಮಗೆ ಎಂದೂ ತಿಳಿಸಿಕೊಡುವುದಿಲ್ಲ.

ಬ್ರಿಟನ್‌ನ ಸ್ಪೆಷಲ್ ಕಾನ್‌ಸ್ಟೇಬಲ್‌ಗಳು ಸಂಬಳವಿಲ್ಲದ ಸ್ವಯಂಸೇವಕರು, ಆದರೆ ಪೂರ್ಣ ಪೊಲೀಸ್ ಅಧಿಕಾರವುಳ್ಳವರು. ಬೇರೆ ಉದ್ಯೋಗದಲ್ಲಿದ್ದುಕೊಂಡೇ ಗಸ್ತಿಗೆ ಬರುತ್ತಾರೆ. ಅಮೆರಿಕದ ಅನೇಕ ಇಲಾಖೆಗಳಲ್ಲಿ ರಿಸರ್ವ್ ಅಧಿಕಾರಿಗಳಿದ್ದಾರೆ, ಭಾರತದಲ್ಲಿ ಗೃಹರಕ್ಷಕ ದಳವಿದೆ. ನೀವಿರುವ ಕಡೆ ಇಂಥದ್ದೊಂದು ಇದ್ದರೆ, ರೋಸ್ಟರ್‌ನ ರಜಾದಿನಗಳಲ್ಲಿ ಸೇರಿಕೊಳ್ಳಿ. ಮೊದಲು ಎರಡು ವಿಷಯ ಖಚಿತಪಡಿಸಿಕೊಳ್ಳಿ: ನಿಮ್ಮ ಉದ್ಯೋಗ ಒಪ್ಪಂದ ಇದಕ್ಕೆ ಅವಕಾಶ ಕೊಡುತ್ತದೆಯೇ, ಮತ್ತು ಗಸ್ತಿನ ರಾತ್ರಿಗೂ ಮರುದಿನದ ಹಾರಾಟಕ್ಕೂ ನಡುವೆ ಸಾಕಷ್ಟು ನಿದ್ರೆ ಉಳಿಯುತ್ತದೆಯೇ. ದಣಿದು ವಿಮಾನ ಹತ್ತುವುದಕ್ಕೆ ಯಾವ ಸೇವಾಭಾವವೂ ಸಮರ್ಥನೆಯಾಗಲಾರದು. ಅದು ಸಾಧ್ಯವಾಗದಿದ್ದರೆ ಗಸ್ತು ವಾಹನದಲ್ಲಿ ವೀಕ್ಷಕನಾಗಿ ಕೂರಲು ಅನುಮತಿ ಕೇಳಿ. ಕೆಲವು ಇಲಾಖೆಗಳು ಕೊಡುತ್ತವೆ. ವಾರಾಂತ್ಯದ ರಾತ್ರಿ ಪಾಳಿಯನ್ನೇ ಕೇಳಿ, ಮತ್ತು ಪಾಳಿ ಮುಗಿದ ಮೇಲೆ ಅಧಿಕಾರಿ ಠಾಣೆಯಲ್ಲಿ ಕುಳಿತು ವರದಿ ಬರೆದು ಮುಗಿಸುವವರೆಗೂ ಅಲ್ಲಿಯೇ ಇರಿ.