ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್: ಬೇಸ್ ಯಾವುದರಲ್ಲಿ ಚೆನ್ನಾಗಿದೆ, ಬಳಸಿದವರು ಹೇಳಿ

ನಾಲ್ಕು ವರ್ಷ ಬಳಸಿದ ವೈರ್ ಹೆಡ್‌ಫೋನ್ ಕೈಕೊಟ್ಟಿತು. ಈಗ ವೈರ್‌ಲೆಸ್, ಅದರಲ್ಲೂ ನಾಯ್ಸ್ ಕ್ಯಾನ್ಸಲಿಂಗ್ ಇರುವುದನ್ನು ತಗೋಬೇಕು ಅಂತಿದ್ದೇನೆ. ಕಿವಿ ಪೂರ್ತಿ ಮುಚ್ಚುವ ದೊಡ್ಡದೇ ಬೇಕು, ಇಯರ್‌ಬಡ್ ಬೇಡ. ಸೋನಿ ಎಕ್ಸ್‌ಎಂ4, ಎಕ್ಸ್‌ಎಂ5, ಬೋಸ್ ಕ್ಯೂಸಿ45, ಸೆನ್‌ಹೈಸರ್ ಮೊಮೆಂಟಮ್ 4, ಇಷ್ಟರಲ್ಲಿ ಯಾವುದು ಅಂತ ತೀರ್ಮಾನ ಆಗುತ್ತಿಲ್ಲ. ನನಗೆ ಬೇಸ್ ಚೆನ್ನಾಗಿರಬೇಕು, ಆದರೆ ಹಾಡುವವರ ದನಿ ಅದರಡಿ ಮುಳುಗಬಾರದು. ಆಂಡ್ರಾಯ್ಡ್ ಫೋನ್. ಕನ್ನಡಕ ಹಾಕುತ್ತೇನೆ. ಬಳಸಿ ನೋಡಿದವರು ಅನುಭವ ಹೇಳಿದರೆ ಉಪಕಾರ ಆಗುತ್ತದೆ.

—

ಇವುಗಳಲ್ಲಿ ಮೂರು ನಮ್ಮ ಮನೆಯಲ್ಲೇ ಇದ್ದವು. ಎಕ್ಸ್‌ಎಂ4 ನಾನು ಮೂರು ವರ್ಷ ಬಳಸಿದೆ, ಈಗ ಮೊಮೆಂಟಮ್ 4 ಇದೆ, ಅಕ್ಕನದು ಕ್ಯೂಸಿ45. ಎಕ್ಸ್‌ಎಂ5 ಮಾತ್ರ ಗೆಳೆಯನಿಂದ ಎರಡು ವಾರ ತಂದು ಕೇಳಿದ್ದು.

ಮೊದಲು, ಬೇಸ್ ಅಂದರೆ ನಿಮಗೆ ಯಾವುದು ಬೇಕು ನೋಡಿಕೊಳ್ಳಿ. 20ರಿಂದ 60 ಹರ್ಟ್ಜ್ ತನಕ ಇರುವುದು ಆಳದ ಬೇಸ್, ಕೇಳಿಸುವುದಕ್ಕಿಂತ ಒಳಗೆಲ್ಲೋ ಅದುರಿದ ಹಾಗಿರುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ ಬರುವುದು ಸುಮಾರು 41 ಹರ್ಟ್ಜ್, ಅದು ಈ ಗುಂಪಿಗೆ ಸೇರಿದ್ದು. ಅದಕ್ಕಿಂತ ಮೇಲೆ 250ರವರೆಗೆ ಗುದ್ದು ಇರುವ ಜಾಗ. ಡ್ರಮ್ಮಿನ ಪೆಟ್ಟು, ತಬಲಾದ ಡಗ್ಗ, ಮೃದಂಗದ ಎಡಗೈ ಎಲ್ಲ ಇಲ್ಲಿ ಬರುತ್ತವೆ. ಗಂಡಸರ ದನಿಯ ಕೆಳಭಾಗವೂ ಇದೇ ಜಾಗದಲ್ಲಿದೆ. ಹೆಡ್‌ಫೋನ್ ಇಲ್ಲಿ ಜಾಸ್ತಿ ಎತ್ತಿಕೊಟ್ಟರೆ ನೀವು ಹೇಳಿದ ತೊಂದರೆ ಶುರುವಾಗುತ್ತದೆ, ಹಾಡುವವರು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ.

ಎಕ್ಸ್‌ಎಂ4 ಅನ್ನು ಯಾವ ಸೆಟ್ಟಿಂಗೂ ಮುಟ್ಟದೆ ಕೇಳಿದರೆ ಈ ಗುದ್ದಿನ ಭಾಗ ತುಂಬಾ ಮುಂದಿದೆ. ಮೊದಲ ದಿನ ಖುಷಿಯಾಗುತ್ತದೆ. ಒಂದು ವಾರ ಕೇಳಿದ ಮೇಲೆ ನನಗೆ ತಂಬೂರಿ ಮಂಕಾಗಿ ಕೇಳತೊಡಗಿತು. ಆ್ಯಪ್‌ನಲ್ಲಿ ಕ್ಲಿಯರ್ ಬೇಸ್ ಅಂತ ಒಂದು ಇದೆ, ಅದನ್ನು ಮೂರು ನಾಲ್ಕು ಮೆಟ್ಟಿಲು ಇಳಿಸಿದೆ, ದನಿ ಎದ್ದು ಬಂತು. ಒಂದು ವಿಷಯ ಗೊತ್ತಿರಲಿ, ಇದರ ಈಕ್ವಲೈಜರ್‌ನಲ್ಲಿ, ಅಂದರೆ ಸದ್ದಿನ ಬೇರೆ ಬೇರೆ ಭಾಗವನ್ನು ಏರಿಸಿ ಇಳಿಸುವ ಜಾಗದಲ್ಲಿ, ಐದು ಪಟ್ಟಿಗಳಿವೆ, ಎಲ್ಲಕ್ಕಿಂತ ಕೆಳಗಿನದು 400 ಹರ್ಟ್ಜ್. ಅದರ ಕೆಳಗಿನದ್ದಕ್ಕೆಲ್ಲ ಕ್ಲಿಯರ್ ಬೇಸ್ ಒಂದೇ ಗತಿ. ಆಳದ ಬೇಸ್ ಇಟ್ಟುಕೊಂಡು ಗುದ್ದನ್ನು ಮಾತ್ರ ಕಡಿಮೆ ಮಾಡಲು ಆ ಆ್ಯಪ್‌ನಲ್ಲಿ ದಾರಿಯಿಲ್ಲ.

ಎಕ್ಸ್‌ಎಂ5ರಲ್ಲೂ ಬೇಸ್ ಜಾಸ್ತಿಯೇ, ಆದರೆ ನನ್ನ ಕಿವಿಗೆ ಅದು ಹಿಡಿತದಲ್ಲಿದೆ ಅನ್ನಿಸಿತು. ಎಕ್ಸ್‌ಎಂ4ರಲ್ಲಿ 40 ಮಿಲಿಮೀಟರ್ ಡ್ರೈವರ್ (ಒಳಗಿರುವ ಪುಟ್ಟ ಸ್ಪೀಕರ್) ಇತ್ತು, 5ರಲ್ಲಿ 30ಕ್ಕೆ ಇಳಿಸಿದ್ದಾರೆ. ಚಿಕ್ಕ ಡ್ರೈವರ್ ಅಂದರೆ ಬೇಸ್ ಕಡಿಮೆ ಅಂತ ನಾನೂ ಅಂದುಕೊಂಡಿದ್ದೆ. ಕೇಳಿದ ಮೇಲೆ ಆ ನಂಬಿಕೆ ಬಿಟ್ಟೆ. ಮಿಲಿಮೀಟರ್ ನೋಡಿ ಬೇಸ್ ಅಳೆಯಬೇಡಿ. ಇನ್ನೊಂದು, ಎಕ್ಸ್‌ಎಂ5 ಮಡಚುವುದಿಲ್ಲ, ಬ್ಯಾಗಿನಲ್ಲಿ ಜಾಗ ಜಾಸ್ತಿ ತಿನ್ನುತ್ತದೆ.

ಕ್ಯೂಸಿ45ರಲ್ಲಿ ಬೇಸ್ ಹದವಾಗಿದೆ, ದನಿ ಮುಂದಿದೆ, ಆದರೆ ಮೇಲಿನ ಸದ್ದು, ಅಂದರೆ ಸಿಂಬಲ್, "ಸ" ಅಕ್ಷರ, ಇಂಥವು ಸ್ವಲ್ಪ ಚುರುಕು. ಅಕ್ಕನಿಗೆ ಅದೇ ಇಷ್ಟ. ನಾನು ಹಾಕಿದಾಗ ಟ್ರೆಬಲ್ ಇಳಿಸಿಕೊಳ್ಳುತ್ತೇನೆ. ಬೇಸ್, ಮಿಡ್, ಟ್ರೆಬಲ್ ಅಂತ ಮೂರೇ ಇರುವುದು, ಅದೂ ಹೆಡ್‌ಫೋನ್ ಬಂದ ಮೇಲೆ ಅಪ್‌ಡೇಟ್‌ನಲ್ಲಿ ಕೊಟ್ಟದ್ದು. ಮೊಮೆಂಟಮ್ 4 ನನಗೆ ಈ ನಾಲ್ಕರಲ್ಲಿ ಹೆಚ್ಚು ಹಿಡಿಸಿತು. ಬೇಸ್ ಆಳಕ್ಕಿಳಿಯುತ್ತದೆ, ವಾದ್ಯಗಳು ಒಂದರ ಮೇಲೊಂದು ಬೀಳುವುದಿಲ್ಲ. ಆದರೆ ಸೆಟ್ಟಿಂಗ್ ಮುಟ್ಟದಿದ್ದರೆ ಇದೂ ಬೇಸಿನ ಕಡೆಗೇ ವಾಲುತ್ತದೆ. ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದೇ, ಬೇಸ್ ಒಂದಿಷ್ಟು ಇಳಿಸಿಕೊಂಡು.

ಆದರೆ ಇದಕ್ಕಿಂತ ಮುಖ್ಯವಾದದ್ದು ಹೋಲಿಸುವ ರೀತಿ. ಗೆಳೆಯನ ಎಕ್ಸ್‌ಎಂ5 ತಂದ ದಿನ ನನಗೆ ಅದೇ ಎಷ್ಟೋ ಮೇಲು ಅನ್ನಿಸಿತ್ತು. ಮೂರನೇ ದಿನ ಗೊತ್ತಾಯಿತು, ಅದೇ ಹಾಡು ಅದರಲ್ಲಿ ಸ್ವಲ್ಪ ಜೋರಾಗಿ ಬರುತ್ತಿತ್ತು, ಅಷ್ಟೇ. ಕಿವಿಗೆ ಜೋರಾಗಿದ್ದದ್ದೇ ಚೆನ್ನ. ಮೇಲಾಗಿ ವಾಲ್ಯೂಮ್ ಇಳಿಸಿದಷ್ಟೂ ನಮ್ಮ ಕಿವಿಗೆ ಬೇಸ್ ಬೇಗ ಕಡಿಮೆಯಾಗುತ್ತದೆ, ದನಿ ಅಷ್ಟು ಬೇಗ ಕಡಿಮೆಯಾಗುವುದಿಲ್ಲ. ಫ್ಲೆಚರ್ ಮತ್ತು ಮನ್ಸನ್ ಅನ್ನುವವರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ಹಾಗಾಗಿ ಎರಡು ಹೆಡ್‌ಫೋನಲ್ಲೂ ಹಾಡುವವರ ದನಿ ಒಂದೇ ಮಟ್ಟದಲ್ಲಿ ಕೇಳುವ ಹಾಗೆ ವಾಲ್ಯೂಮ್ ಸರಿ ಮಾಡಿಕೊಳ್ಳಿ, ಆಮೇಲೆ ಬೇಸ್ ಹೋಲಿಸಿ. ಹಾಗೆ ಮಾಡಿದ ಮೇಲೆ ಎಕ್ಸ್‌ಎಂ5ಕ್ಕೂ ನನ್ನದಕ್ಕೂ ಇದ್ದ ಅಂತರ ಅರ್ಧಕ್ಕಿಳಿಯಿತು.

—

ಕನ್ನಡಕದ ಬಗ್ಗೆ ಯಾರೂ ಹೇಳಲಿಲ್ಲ, ನಾನೂ ಹಾಕುವವಳು, ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಹೆಡ್‌ಫೋನಿನಲ್ಲಿ ಬೇಸ್ ನಿಲ್ಲುವುದು ಪ್ಯಾಡ್ ಕಿವಿಯ ಸುತ್ತ ಗಾಳಿಯಾಡದ ಹಾಗೆ ಕೂತಾಗ. ಕನ್ನಡಕದ ಕಡ್ಡಿ ಪ್ಯಾಡಿನ ಅಡಿಯಲ್ಲಿ ಒಂದು ಸಣ್ಣ ಸಂದು ಮಾಡುತ್ತದೆ, ಮೊದಲು ಸೋರಿ ಹೋಗುವುದು ಆಳದ ಬೇಸ್. ಅದೇ ಸಂದಿನಿಂದ ಹೊರಗಿನ ಗುಂಯ್ ಸದ್ದೂ ಒಳಗೆ ಬರುತ್ತದೆ, ಆಗ ನಾಯ್ಸ್ ಕ್ಯಾನ್ಸಲಿಂಗೂ ಸೋತ ಹಾಗೆ ಅನ್ನಿಸುತ್ತದೆ. ನಾನು ಒಂದು ಒಳ್ಳೆಯ ಹೆಡ್‌ಫೋನನ್ನು "ಬೇಸೇ ಇಲ್ಲ" ಅಂತ ವಾಪಸ್ ಕೊಡಲು ಹೊರಟಿದ್ದೆ. ಕನ್ನಡಕ ತೆಗೆದು ಹಾಕಿಕೊಂಡರೆ ಬೇರೆಯದೇ ಹೆಡ್‌ಫೋನ್ ಅನ್ನುವಷ್ಟು ವ್ಯತ್ಯಾಸ! ಆಮೇಲೆ ತೆಳು ಕಡ್ಡಿಯ ಕನ್ನಡಕ ಮಾಡಿಸಿದೆ, ಈಗ ಮುಕ್ಕಾಲು ಪಾಲು ಸರಿಯಾಗಿದೆ.

ತಗೊಳ್ಳುವ ಮುಂಚೆ ಹೀಗೆ ಮಾಡಿ. ಕನ್ನಡಕ ಹಾಕಿಕೊಂಡೇ ಹೆಡ್‌ಫೋನ್ ಹಾಕಿ, ಬೇಸ್ ಚೆನ್ನಾಗಿರುವ ಒಂದು ಹಾಡು ಬಿಡಿ, ಕಿವಿ ಮುಚ್ಚುವ ಎರಡೂ ಕಪ್ಪನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಬೇಸ್ ಗಕ್ಕನೆ ಜಾಸ್ತಿಯಾದರೆ ಅದು ನಿಮ್ಮ ತಲೆಗೆ ಸರಿಯಾಗಿ ಕೂರುತ್ತಿಲ್ಲ. ಏನೂ ಬದಲಾಗದಿದ್ದರೆ ಒಳ್ಳೆಯದು. ಯಾರು ಏನೇ ಬರೆದಿರಲಿ, ಈ ಪರೀಕ್ಷೆ ಪಾಸಾಗದ ಹೆಡ್‌ಫೋನ್ ನಿಮಗೆ ಬೇಡ. ಅವರ ತಲೆ ಬೇರೆ, ನಿಮ್ಮ ತಲೆ ಬೇರೆ.

ಪ್ಯಾಡ್ ಹಳೆಯದಾದರೂ ಇದೇ ಕಥೆ. ಎರಡೂವರೆ ವರ್ಷಕ್ಕೆ ನನ್ನದು ಸಿಪ್ಪೆ ಸುಲಿದು ಗಟ್ಟಿಯಾಗಿತ್ತು, ಬೇಸ್ ತೆಳ್ಳಗಾಗಿತ್ತು, ಡ್ರೈವರ್ ಹೋಯಿತು ಅಂದುಕೊಂಡೆ. ಹೊಸ ಪ್ಯಾಡ್ ಹಾಕಿದ ತಕ್ಷಣ ಮೊದಲಿನ ಹಾಗಾಯಿತು.

—

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಂಗೈ ಒತ್ತಿ ನೋಡುವುದು ನನಗೆ ಹೊಳೆದೇ ಇರಲಿಲ್ಲ. ಇನ್ನೂ ಎರಡು ಕೇಳಲೇ? ಎಲ್‌ಡ್ಯಾಕ್ ಅನ್ನುವ ಕೋಡೆಕ್ (ಬ್ಲೂಟೂತ್‌ನಲ್ಲಿ ಹಾಡನ್ನು ಚಿಕ್ಕದು ಮಾಡಿ ಕಳಿಸುವ ವಿಧಾನ) ಇದ್ದರೆ ಬೇಸ್ ಚೆನ್ನಾಗಿರುತ್ತದೆ ಅಂತಾರೆ, ನಿಜವಾ? ಮತ್ತೆ ನಾಯ್ಸ್ ಕ್ಯಾನ್ಸಲಿಂಗ್ ಆನ್ ಮಾಡಿದರೆ ಸೌಂಡ್ ಕೆಡುತ್ತದಾ?

—

ಎಲ್‌ಡ್ಯಾಕ್‌ಗೂ ಬೇಸ್‌ಗೂ ಸಂಬಂಧ ಹಚ್ಚಬೇಡಿ. ಸೋನಿಯಲ್ಲಿ ಅದು ಸೆಕೆಂಡಿಗೆ 990 ಕಿಲೋಬಿಟ್ ತನಕ ಕಳಿಸುತ್ತದೆ, ಮೊಮೆಂಟಮ್‌ನಲ್ಲಿ ಆಪ್ಟ್‌ಎಕ್ಸ್ ಅಡಾಪ್ಟಿವ್ ಇದೆ, ಕ್ಯೂಸಿ45ರಲ್ಲಿ ಎಸ್‌ಬಿಸಿ ಮತ್ತು ಎಎಸಿ ಮಾತ್ರ. ನನ್ನ ಫೋನಿನಲ್ಲಿ ಎಲ್‌ಡ್ಯಾಕ್ ಮತ್ತು ಎಎಸಿ ಬದಲಿಸಿ ಬದಲಿಸಿ ಕೇಳಿದೆ, ಬೇಸ್‌ನಲ್ಲಿ ಏನೂ ವ್ಯತ್ಯಾಸ ಸಿಗಲಿಲ್ಲ. ಜನ ಜಾಸ್ತಿ ಇರುವ ಕಡೆ ಎಲ್‌ಡ್ಯಾಕ್ 990ರಲ್ಲಿ ಇಟ್ಟರೆ ಹಾಡು ತುಂಡು ತುಂಡಾಗುತ್ತಿತ್ತು, ಅದೊಂದು ಗೊತ್ತಾಯಿತು. ಎರಡು ಮೆಟ್ಟಿಲಿನ ಈಕ್ವಲೈಜರ್ ಬದಲಾವಣೆಯ ಮುಂದೆ ಕೋಡೆಕ್ ಏನೂ ಅಲ್ಲ.

ಎರಡನೆಯದು ಒಳ್ಳೆಯ ಪ್ರಶ್ನೆ. ಆನ್ ಮಾಡಿದರೆ ಸದ್ದಿನ ಬಣ್ಣ ಬದಲಾಗುತ್ತದೆ, ನಿಜ. ಕಪ್ಪಿನ ಒಳಗಿರುವ ಮೈಕು ಕಿವಿಯ ಹತ್ತಿರದ ಸದ್ದನ್ನು ಕೇಳುತ್ತಿರುತ್ತದೆ, ಹೆಡ್‌ಫೋನ್ ಅದಕ್ಕೆ ಉಲ್ಟಾ ಅಲೆ ಹಾಕುತ್ತಿರುತ್ತದೆ. ಹಾಡಿನ ಬೇಸೂ ಅದೇ ಜಾಗದಲ್ಲಿ ಇರುವುದರಿಂದ ಕಂಪನಿಯವರು ಅದನ್ನು ಸರಿದೂಗಿಸಿ ಕೊಡಬೇಕು. ಕೆಲವು ಹೆಡ್‌ಫೋನಲ್ಲಿ ಆನ್ ಮಾಡಿದಾಗ ಬೇಸ್ ಏರುತ್ತದೆ, ಕೆಲವದರಲ್ಲಿ ಬಿಗಿಯಾಗುತ್ತದೆ. ಹಾಗಾಗಿ ನೀವು ದಿನಾ ಯಾವ ಮೋಡ್‌ನಲ್ಲಿ ಕೇಳುತ್ತೀರೋ ಅದರಲ್ಲೇ ಹೋಲಿಸಿ. ನಾಯ್ಸ್ ಕ್ಯಾನ್ಸಲಿಂಗ್ ಹೆಚ್ಚು ಕೆಲಸ ಮಾಡುವುದು ಫ್ಯಾನು, ಎಂಜಿನ್ ತರದ ಒಂದೇ ಸಮನೆ ಗುಂಯ್‌ಗುಡುವ ಕೆಳಗಿನ ಸದ್ದಿನ ಮೇಲೆ. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್‌ಗೆ ಈ ಯೋಚನೆ ಬಂದದ್ದು ಕೂಡ 1978ರಲ್ಲಿ ವಿಮಾನದಲ್ಲಿ ಕೂತು ಹಾಡು ಕೇಳಲು ಹೋದಾಗ. ಆ ಗುಂಯ್ ಸದ್ದು ಹಾಡಿನ ಬೇಸನ್ನು ಮುಚ್ಚಿಬಿಡುತ್ತದೆ. ಅದು ಹೋದರೆ ಕಡಿಮೆ ವಾಲ್ಯೂಮ್‌ನಲ್ಲೇ ಬೇಸ್ ಕೇಳಿಸುತ್ತದೆ. ನನಗೆ ಇದೇ ದೊಡ್ಡ ಲಾಭ, ಕಿವಿಗೂ ಒಳ್ಳೆಯದು ಅಲ್ವಾ.

ಹಾಗೇ ಇನ್ನೊಂದು. ಲ್ಯಾಪ್‌ಟಾಪಿಗೆ ಜೋಡಿಸಿ ಮೀಟಿಂಗ್ ಹಾಕಿದ ತಕ್ಷಣ ಸೌಂಡ್ ಹಳೆಯ ಟೆಲಿಫೋನ್ ತರ ಆದರೆ ಗಾಬರಿಯಾಗಬೇಡಿ. ಹೆಡ್‌ಫೋನಿನ ಮೈಕ್ ಆನ್ ಆದಾಗ ಬ್ಲೂಟೂತ್ ಸಾಮಾನ್ಯವಾಗಿ ಕರೆಯ ಮೋಡ್‌ಗೆ ಹೋಗುತ್ತದೆ, ಸ್ಟೀರಿಯೋ, ಬೇಸ್ ಎಲ್ಲ ಹೋಗುತ್ತದೆ. ಮೈಕ್ ಮಾತ್ರ ಲ್ಯಾಪ್‌ಟಾಪಿನದ್ದೇ ಅಂತ ಆರಿಸಿದರೆ ಸರಿಹೋಗುತ್ತದೆ.

—

ಹೋಗಿ ಕೇಳಿ ಬಂದೆ. ಎಕ್ಸ್‌ಎಂ5 ಸಿಗಲಿಲ್ಲ, ಉಳಿದ ಮೂರನ್ನೂ ಕನ್ನಡಕದ ಮೇಲೆ ಹಾಕಿ ನೋಡಿದೆ. ಒಂದರಲ್ಲಿ ಅಂಗೈ ಒತ್ತಿದ ಕೂಡಲೇ ಬೇಸ್ ಎರಡರಷ್ಟಾಯಿತು, ಅದನ್ನು ಅಲ್ಲೇ ಬಿಟ್ಟೆ. ಉಳಿದೆರಡರಲ್ಲಿ ದನಿಯ ಮಟ್ಟ ಸರಿ ಮಾಡಿಕೊಂಡು ಒಂದೇ ಹಾಡನ್ನು ಆರು ಸಲ ಕೇಳಿದೆ. ಮೊಮೆಂಟಮ್ ತಗೊಂಡೆ. ಈಗ ಬೇಸ್ ಎಷ್ಟು ಇಳಿಸಲಿ?

—

ಒಳ್ಳೆಯದಾಯಿತು! ಇವತ್ತು ಏನೂ ಇಳಿಸಬೇಡಿ. ನಾಲ್ಕು ದಿನ ಹಾಗೇ ಕೇಳಿ, ಆಮೇಲೆ ಬರೀ ದನಿ ಮತ್ತು ತಂಬೂರಿ ಇರುವ ಒಂದು ಹಾಡು ಹಾಕಿ. ಹಾಡುವವರು ಪಕ್ಕದಲ್ಲಿ ಕೂತ ಹಾಗೆ ಅನ್ನಿಸುವ ತನಕ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬನ್ನಿ. ನನ್ನದು ಎರಡು ಮೆಟ್ಟಿಲಿಗೆ ನಿಂತಿತು. ನಿಮ್ಮದು ಎಷ್ಟಕ್ಕೆ ನಿಂತಿತು ಅಂತ ಬರೆಯಿರಿ, ಕನ್ನಡಕ ಇರುವವರಿಗೆ ಅದು ಬೇಕಾಗುತ್ತದೆ.